ಮೂಸಿಯ ದಂಡೆಯ ಲೆಕ್ಕಪತ್ರ

ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಹೈದರಾಬಾದಿಗೆ ದುಡಿಯಲು ಬಂದವರಿಗೆ ವಾಡಿ ಜಂಕ್ಷನ್ ಹೊಸ ಹೆಸರಲ್ಲ. ಸಿಮೆಂಟ್ ಕಾರ್ಖಾನೆಯ ಊರು, ಮುಂಬೈ ದಾರಿ ಬೇರೆ, ಹೈದರಾಬಾದ್ ದಾರಿ ಬೇರೆಯಾಗುವ ಜಾಗ. ನಮ್ಮ ಕಲಬುರಗಿ ಜಿಲ್ಲೆಯ ಈ ನಿಲ್ದಾಣದಿಂದಲೇ 1874ರಲ್ಲಿ ಸಿಕಂದರಾಬಾದಿಗೆ ಮೊದಲ ರೈಲು ಓಡಿತು. ಹೈದರಾಬಾದ್ ನಗರವನ್ನು ಹೊರ ಜಗತ್ತಿಗೆ ಜೋಡಿಸಿದ ಹಳಿಯ ಒಂದು ತುದಿ ಕನ್ನಡದ ನೆಲದಲ್ಲಿತ್ತು ಎಂದು ನಾವು ಹೆಮ್ಮೆಪಟ್ಟುಕೊಳ್ಳಬಹುದು. ಆದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಆ ಹಳಿಗೆ ದುಡ್ಡು ಕೊಟ್ಟವರು ಯಾರು? ಹಾಕಬೇಕೆಂದು ತೀರ್ಮಾನಿಸಿದವರು ಯಾರು?

ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಹೈದರಾಬಾದಿನ ನೂರೈವತ್ತು ವರ್ಷಗಳನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ರೈಲು, ಪ್ರವಾಹ, ಆಸ್ಪತ್ರೆ, ಅರಮನೆ, ಮೆಟ್ರೋ ಎಲ್ಲವೂ ಬೇರೆ ಬೇರೆ ಕತೆಗಳು. ಲೆಕ್ಕದ ಪುಸ್ತಕ ಮಾತ್ರ ಒಂದೇ.

ಗ್ಯಾರಂಟಿಯ ರೈಲು

ಸಿಕಂದರಾಬಾದಿನಲ್ಲಿ ಬ್ರಿಟಿಷರ ದೊಡ್ಡ ದಂಡಿನ ಠಾಣೆ ಇತ್ತು. ಅಲ್ಲಿಗೆ ಬೇಗ ಸೈನ್ಯ ಸಾಗಿಸಲು ರೈಲು ಬೇಕು ಎಂಬುದು ಬ್ರಿಟಿಷ್ ಸರ್ಕಾರದ ಅಗತ್ಯ. ಖರ್ಚು ಮಾತ್ರ ನಿಜಾಮ ಸಂಸ್ಥಾನದ ತಲೆಯ ಮೇಲೆ ಬಿತ್ತು. ಮುಂದೆ ಹಳಿಯನ್ನು ಪೂರ್ವಕ್ಕೆ ಎಳೆಯಬೇಕೆಂಬ ಯೋಜನೆ ಬಂದಾಗ ಲಂಡನ್ನಿನಲ್ಲಿ ಒಂದು ಕಂಪನಿ ಕಟ್ಟುವ ಮಾತಾಯಿತು. 1883ರಲ್ಲಿ ಹುಟ್ಟಿದ ಆ ಕಂಪನಿಯ ಹೆಸರಿನಲ್ಲೇ ಅದರ ಗುಟ್ಟಿದೆ: ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ. ಹೂಡಿಕೆದಾರರಿಗೆ ಬಂಡವಾಳದ ಮೇಲೆ ವರ್ಷಕ್ಕೆ ಶೇಕಡಾ 5ರಂತೆ 20 ವರ್ಷ ಬಡ್ಡಿ ಸಿಕ್ಕೇ ಸಿಗುತ್ತದೆ ಎಂದು ಸಂಸ್ಥಾನ ಮಾತು ಕೊಟ್ಟಿತು. ನೂರು ರೂಪಾಯಿ ಹಾಕಿದವನಿಗೆ ಐದು ರೂಪಾಯಿ ಖಾತ್ರಿ. ರೈಲು ಮೂರೇ ರೂಪಾಯಿ ಗಳಿಸಿದರೆ ಉಳಿದ ಎರಡು ರೂಪಾಯಿ ಖಜಾನೆಯಿಂದ, ಅಂದರೆ ಬೀದರಿನ, ರಾಯಚೂರಿನ, ವರಂಗಲ್ಲಿನ ರೈತ ಕಟ್ಟಿದ ಕಂದಾಯದಿಂದ. ನಷ್ಟ ಪ್ರಜೆಯದು, ಭದ್ರತೆ ಹೂಡಿಕೆದಾರನದು.

ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಇನ್ನೂ ಹುಡುಗ. ದಿವಾನ ಸಾಲಾರ್ ಜಂಗ್ ಅದೇ ವರ್ಷದ ಫೆಬ್ರವರಿಯಲ್ಲಿ ತೀರಿಕೊಂಡಿದ್ದ. ಇಂಥ ಹೊತ್ತಿನಲ್ಲಿ ಊರಿನ ಕೆಲವು ವಿದ್ಯಾವಂತರು ಒಂದು ಸರಳ ಬೇಡಿಕೆ ಇಟ್ಟರು. ಒಪ್ಪಂದದ ವಿವರಗಳನ್ನು ಜನರ ಮುಂದಿಡಿ, ಚರ್ಚೆಯಾಗಲಿ, ಆಮೇಲೆ ಸಹಿ ಹಾಕಿ. ಅವರ ಮುಂದಾಳುಗಳಲ್ಲಿ ಒಬ್ಬರು ಅಘೋರನಾಥ ಚಟ್ಟೋಪಾಧ್ಯಾಯ. ಬಂಗಾಳದಿಂದ ಬಂದು ಹೈದರಾಬಾದಿನಲ್ಲಿ ಕಾಲೇಜು ಕಟ್ಟಿದ ವಿಜ್ಞಾನಿ, ಸರೋಜಿನಿ ನಾಯ್ಡು ಅವರ ತಂದೆ. ಇನ್ನೊಬ್ಬರು ಮುಲ್ಲಾ ಅಬ್ದುಲ್ ಖಯ್ಯೂಮ್. ಇತಿಹಾಸದಲ್ಲಿ ಇದಕ್ಕೆ ಚಾಂದಾ ರೈಲ್ವೆ ಚಳವಳಿ ಎಂದು ಹೆಸರು. ಉತ್ತರವಾಗಿ ಸಿಕ್ಕಿದ್ದು ವಿವರಗಳಲ್ಲ, ಗಡೀಪಾರು. ಅಘೋರನಾಥರನ್ನು ಸಂಸ್ಥಾನದಿಂದಲೇ ಹೊರಗೆ ಕಳಿಸಿದರು. ಕೆಲವು ವರ್ಷಗಳ ಮೇಲೆ ಅವರು ಹಿಂದಿರುಗಿದರು. ಒಪ್ಪಂದ ಅಷ್ಟರಲ್ಲಿ ಆಗಿಹೋಗಿತ್ತು.

ಹೈದರಾಬಾದಿನಲ್ಲಿ ಸಾರಿಗೆಯ ಹಣದ ಬಗ್ಗೆ ಸಾರ್ವಜನಿಕವಾಗಿ ಎದ್ದ ಮೊದಲ ದನಿಗಳಲ್ಲಿ ಇದೂ ಒಂದು. ಆ ದನಿ ಎತ್ತಿದವರಲ್ಲಿ ಹೊರಗಿನಿಂದ ಬಂದು ನೆಲೆಸಿದವರೊಬ್ಬರು ಇದ್ದರು ಎಂಬುದನ್ನು ನಾವು, ಹೊರನಾಡಿನವರು, ನೆನಪಿಟ್ಟುಕೊಳ್ಳಬೇಕು.

ಕೊನೆಗೆ 1930ರಲ್ಲಿ ನಿಜಾಮ ಸರ್ಕಾರವೇ ದುಡ್ಡು ಕೊಟ್ಟು ಆ ರೈಲ್ವೆಯನ್ನು ಕಂಪನಿಯಿಂದ ಕೊಂಡುಕೊಂಡಿತು. ಬಡ್ಡಿಗೆ ಖಾತ್ರಿ ಕೊಟ್ಟದ್ದೂ ಅದೇ ಖಜಾನೆ, ಕಡೆಗೆ ಬೆಲೆ ತೆತ್ತದ್ದೂ ಅದೇ ಖಜಾನೆ. ಆದರೆ ಕೊಂಡುಕೊಂಡಿದ್ದರಿಂದ ಒಂದು ಒಳ್ಳೆಯದೂ ಆಯಿತು. ಎರಡೇ ವರ್ಷಕ್ಕೆ, 1932ರಲ್ಲಿ, ರೈಲ್ವೆ ಇಲಾಖೆಯೇ 27 ಬಸ್ಸುಗಳನ್ನೂ 166 ಜನ ನೌಕರರನ್ನೂ ಇಟ್ಟುಕೊಂಡು ರಸ್ತೆ ಸಾರಿಗೆ ಶುರುಮಾಡಿತು. ರೈಲು, ಬಸ್ಸು ಎರಡನ್ನೂ ಒಂದೇ ಸರ್ಕಾರ ಒಂದೇ ಸೂರಿನಡಿ ನಡೆಸಿದ ಅಪರೂಪದ ಏರ್ಪಾಡು ಅದು. ಇವತ್ತಿಗೂ ತೆಲಂಗಾಣದ ಸರ್ಕಾರಿ ಬಸ್ಸಿನ ನಂಬರ್ ಪ್ಲೇಟಿನಲ್ಲಿ ಝಡ್ ಅಕ್ಷರ ಕಾಣುತ್ತದಲ್ಲ, ಅದು ಕೊನೆಯ ನಿಜಾಮನ ತಾಯಿ ಜಹರಾ ಬೇಗಂ ಹೆಸರಿನಲ್ಲಿ ಉಳಿದದ್ದು ಎಂಬ ಮಾತು ಊರಿನಲ್ಲಿದೆ.

ನೀರು ಬಂದ ಮೇಲೆ

1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಊರೊಳಗೆ ನುಗ್ಗಿತು. ಸತ್ತವರು 15 ಸಾವಿರದಷ್ಟು ಎಂಬ ಅಂದಾಜಿದೆ. ಅಫ್ಜಲ್‌ಗಂಜಿನ ಆಸ್ಪತ್ರೆ ಕೊಚ್ಚಿಹೋಯಿತು. ಅದರ ಆವರಣದ ಹುಣಸೆ ಮರ ಹತ್ತಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರು. ಆ ಮರ ಈಗಲೂ ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿದೆ. ಪ್ರತಿ ವರ್ಷ ಆ ದಿನ ಕೆಲವರು ಅದರ ಕೆಳಗೆ ಸೇರಿ ಸತ್ತವರನ್ನು ನೆನೆಯುತ್ತಾರೆ.

ಆಗ ನಿಜಾಮ ಸರ್ಕಾರ ಕರೆದದ್ದು ನಮ್ಮ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರು ಮುಂಬೈ ಸರ್ಕಾರದ ನೌಕರಿಯಿಂದ ಹೊರಬಂದು ಯುರೋಪಿನ ಪ್ರವಾಸದಲ್ಲಿದ್ದರು. 1909ರಲ್ಲಿ ಹೈದರಾಬಾದಿಗೆ ಬಂದರು. ಊರಿನ ಗೋಡೆ ಎತ್ತರಿಸಿ ನೀರು ತಡೆಯುವ ದಾರಿಯನ್ನು ಅವರು ಹಿಡಿಯಲಿಲ್ಲ. ಮಳೆ ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತಿಗೆ ಹೊಳೆಗೆ ಇಳಿಯುತ್ತದೆ ಎಂಬ ಲೆಕ್ಕ ಹಾಕಿ, ಊರಿಗೆ ಮೇಲ್ಗಡೆ ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು, ಹೀಗೆ ಎರಡು ಜಲಾಶಯ ಕಟ್ಟಿ ಎಂದರು. ದಂಡೆಯ ಮೇಲೆ ಉದ್ಯಾನ ಮಾಡಿ, ಊರಿಗೆ ಒಳಚರಂಡಿ ಹಾಕಿ ಎಂದೂ ಹೇಳಿದರು. ಉಸ್ಮಾನ್ ಸಾಗರ್ 1920ರಲ್ಲಿ, ಹಿಮಾಯತ್ ಸಾಗರ್ 1927ರಲ್ಲಿ ಮುಗಿದವು. ಪ್ರವಾಹ ತಡೆಯಲು ಕಟ್ಟಿದ ಕೆರೆಗಳೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು.

ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದ 1912ರಲ್ಲೇ ಹೈದರಾಬಾದಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಬೋರ್ಡ್ ಹುಟ್ಟಿತು. ಇವತ್ತು ನಾವು ಹೈದರಾಬಾದಿನ ಪರಂಪರೆ ಎಂದು ಫೋಟೋ ತೆಗೆಯುವ ಎಷ್ಟೋ ಜಾಗಗಳು ಈ ಕಾಲದವು. ಹೈಕೋರ್ಟ್, ಉಸ್ಮಾನಿಯಾ ಆಸ್ಪತ್ರೆ, ಸಿಟಿ ಕಾಲೇಜು ಮೂಸಿಯ ದಂಡೆಯಲ್ಲೇ ಎದ್ದವು. ಅವುಗಳ ವಾಸ್ತುಶಿಲ್ಪಿ ವಿನ್ಸೆಂಟ್ ಎಶ್. ನಮ್ಮವರು ಬೆಂಗಳೂರಿನ ರೈಲು ಹತ್ತುವ ಕಾಚಿಗುಡ ನಿಲ್ದಾಣವೂ ಆತನದೇ ವಿನ್ಯಾಸ. ಪತ್ಥರ್‌ಗಟ್ಟಿಯ ಕಲ್ಲಿನ ಕಮಾನುಗಳ ಅಂಗಡಿ ಸಾಲು, 1935ರ ಮೊಅಜ್ಜಂ ಜಾಹಿ ಮಾರುಕಟ್ಟೆ ಬೋರ್ಡಿನ ಕೆಲಸ. ಆ ಮಾರುಕಟ್ಟೆಗೆ ಬೋರ್ಡಿನ ಅಧ್ಯಕ್ಷನಾಗಿದ್ದ ರಾಜಕುಮಾರನ ಹೆಸರು.

ಆದರೆ ಕಟ್ಟುವ ಮುಂಚೆ ಬೋರ್ಡು ಒಡೆಯಿತು ಎಂಬುದನ್ನೂ ಹೇಳಬೇಕು. ಇಕ್ಕಟ್ಟಾದ ಮೊಹಲ್ಲಾಗಳನ್ನು ತೆರವು ಮಾಡಿ, ಹಳೆಯ ಮನೆಗಳನ್ನು ಬೀಳಿಸಿ ರಸ್ತೆ ಅಗಲ ಮಾಡಿತು. ಒಡೆದದ್ದರಲ್ಲಿ ಏನೇನು ಚೆಂದ ಇತ್ತೋ ಕೇಳುವವರಿರಲಿಲ್ಲ. ಬೋರ್ಡನ್ನು ಜನ ಆರಿಸಿರಲಿಲ್ಲ, ನಿಜಾಮ ನೇಮಿಸಿದ್ದ. ಆದರೂ ಅದರ ಪರವಾಗಿ ಎರಡು ಮಾತು ಹೇಳಬಹುದು. ಒಂದು, ಒಡೆದ ಜಾಗದಲ್ಲಿ ಸಾಧಾರಣ ಜನರಿಗೂ ಮನೆ ಕಟ್ಟಿಸಿತು. ಎರಡು, ಅದು ಕಟ್ಟಿದ್ದು ಸಾರ್ವಜನಿಕರ ಬಳಕೆಗೆ. ಆಸ್ಪತ್ರೆ, ಮಾರುಕಟ್ಟೆ, ಕಾಲೇಜು. ನೂರು ವರ್ಷದ ಮೇಲೂ ಆ ಕಟ್ಟಡಗಳ ಮೇಲೆ ಜನರಿಗೆ ಪ್ರೀತಿ ಉಳಿದಿದ್ದರೆ ಅದಕ್ಕೆ ಗುಮ್ಮಟಗಳಷ್ಟೇ ಕಾರಣವಲ್ಲ. ಬಡವನೂ ಒಳಗೆ ಹೋಗಬಹುದಾದ ಕಟ್ಟಡಗಳು ಅವು.

ಪಟ್ಟಿ ಬಂತು, ಪಟ್ಟಿ ಹೋಯಿತು

1981ರಲ್ಲಿ ಹೈದರಾಬಾದ್ ನಗರಾಭಿವೃದ್ಧಿ ಪ್ರಾಧಿಕಾರದ ವಲಯ ನಿಯಮಗಳು ಬಂದವು. ಅವುಗಳಲ್ಲಿ 13ನೆಯ ನಿಯಮ ಹಳೆಯ ಕಟ್ಟಡಗಳಿಗೆ ಸಂಬಂಧಿಸಿದ್ದು. 1995ರಲ್ಲಿ ಅದರ ಅಡಿಯಲ್ಲಿ 150ರ ಆಸುಪಾಸು ಕಟ್ಟಡಗಳ ಪಟ್ಟಿ ಹೊರಬಿತ್ತು. ಅದೇ ವರ್ಷ ಮುಂಬೈಯಲ್ಲೂ ಪರಂಪರೆಯ ನಿಯಮಗಳು ಜಾರಿಯಾದವು. ಮುಂಬೈ ಓದುಗರಿಗೆ ಅದು ಗೊತ್ತಿರುತ್ತದೆ. ಹೈದರಾಬಾದಿನ ವಿಶೇಷವೆಂದರೆ ಇಲ್ಲಿನ ಹಳೆಯ ಬಂಡೆಗಳೂ ಪರಂಪರೆಯ ಪಟ್ಟಿಗೆ ಸೇರಿದವು. ಪಟ್ಟಿಯಲ್ಲಿದ್ದ ಕಟ್ಟಡವನ್ನು ಒಡೆಯಬೇಕಾದರೆ, ಬದಲಿಸಬೇಕಾದರೆ ತಜ್ಞರ ಸಮಿತಿಯ ಮುಂದೆ ಹೋಗಬೇಕಿತ್ತು.

ಈ ರಕ್ಷಣೆಗೆ ಒಂದು ದೌರ್ಬಲ್ಯವಿತ್ತು. ಅದು ಶಾಸನಸಭೆ ಚರ್ಚಿಸಿ ಮಾಡಿದ ಕಾಯ್ದೆಯಲ್ಲ, ಸರ್ಕಾರ ಹೊರಡಿಸಿದ ನಿಯಮ. ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಗಬಹುದು. ಹಾಗೇ ಆಯಿತು. 2015ರ ಡಿಸೆಂಬರಿನಲ್ಲಿ ತೆಲಂಗಾಣ ಸರ್ಕಾರ ಒಂದು ಆದೇಶದಿಂದ 13ನೆಯ ನಿಯಮವನ್ನು ರದ್ದು ಮಾಡಿತು. 2017ರಲ್ಲಿ ಹೊಸ ಪರಂಪರೆ ಕಾಯ್ದೆ ಬಂತು, ಆದರೆ ಹಳೆಯ ಪಟ್ಟಿಯ ಎಲ್ಲ ಕಟ್ಟಡಗಳೂ ತಾವಾಗಿಯೇ ಅದರೊಳಗೆ ಸೇರಲಿಲ್ಲ.

ಇದರ ಬಿಸಿ ತಟ್ಟಿದ್ದು ಇರ್ರಂ ಮಂಜಿಲ್ ವಿಷಯದಲ್ಲಿ. ನವಾಬ್ ಫಖ್ರುಲ್ ಮುಲ್ಕ್ 1870ರ ಸುಮಾರಿಗೆ ಗುಡ್ಡದ ಮೇಲೆ ಕಟ್ಟಿಸಿದ ಅರಮನೆ ಅದು. ಫಾರಸಿಯಲ್ಲಿ ಇರಮ್ ಎಂದರೆ ಸ್ವರ್ಗ, ತೆಲುಗಿನಲ್ಲಿ ಎರ್ರ ಎಂದರೆ ಕೆಂಪು. ಎರಡೂ ಹೊಂದುವಂತೆ ಹೆಸರಿಟ್ಟರು ಎಂಬುದು ರೂಢಿಯ ವಿವರಣೆ. 2019ರ ಜೂನ್ 18ರಂದು ರಾಜ್ಯದ ಸಚಿವ ಸಂಪುಟ ಈ ಜಾಗದಲ್ಲಿ ಹೊಸ ಶಾಸನಸಭೆ ಕಟ್ಟುವುದೆಂದು ತೀರ್ಮಾನಿಸಿತು. ಅದೇ ತಿಂಗಳು ಶಂಕುಸ್ಥಾಪನೆಯೂ ಆಯಿತು. ಜನ ಹೈಕೋರ್ಟಿಗೆ ಹೋದರು. 2019ರ ಸೆಪ್ಟೆಂಬರ್ 16ರಂದು ಮುಖ್ಯ ನ್ಯಾಯಮೂರ್ತಿ ರಾಘವೇಂದ್ರ ಸಿಂಗ್ ಚೌಹಾಣ್ ಮತ್ತು ನ್ಯಾಯಮೂರ್ತಿ ಶಮೀಮ್ ಅಖ್ತರ್ ಅವರ ಪೀಠ ಸಂಪುಟದ ತೀರ್ಮಾನವನ್ನು ರದ್ದು ಮಾಡಿತು. ನೋಡಬೇಕಾದ ಕಾನೂನಿನ ಅಂಶಗಳನ್ನು ಸರ್ಕಾರ ನೋಡಿಲ್ಲ ಎಂಬುದು ಪೀಠದ ನಿಲುವು. ಅರಮನೆ ಉಳಿಯಿತು. ಮೂಸಿಯ ಪ್ರವಾಹದ ನಂತರ ಕಟ್ಟಿದ ಒಂದು ಪಾರಂಪರಿಕ ಕಟ್ಟಡದಲ್ಲಿ ಕೂತ ನ್ಯಾಯಾಲಯ ಇನ್ನೊಂದು ಪಾರಂಪರಿಕ ಕಟ್ಟಡವನ್ನು ಉಳಿಸಿತು.

ಹೀಗೆ ಆದೇಶದಿಂದ ಬಂದು ಆದೇಶದಿಂದ ಹೋದದ್ದು ಕಟ್ಟಡದ ಪಟ್ಟಿಯೊಂದೇ ಅಲ್ಲ. ವಿಶ್ವೇಶ್ವರಯ್ಯನವರ ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರಿನೊಳಗೆ, 84 ಹಳ್ಳಿಗಳಲ್ಲಿ, ದೊಡ್ಡ ಕಟ್ಟಡಗಳಿಗೂ ಮಲಿನ ಮಾಡುವ ಕಾರ್ಖಾನೆಗಳಿಗೂ ತಡೆಹಾಕಿದ್ದು 1996ರ ಸರ್ಕಾರಿ ಆದೇಶ ಸಂಖ್ಯೆ 111. ರಿಯಲ್ ಎಸ್ಟೇಟಿನವರ ಬಾಯಲ್ಲಿ ಇಂದಿಗೂ ಅದು ಬರೀ ‘ತ್ರಿಬಲ್ ವನ್’. 2022ರ ಏಪ್ರಿಲಿನಲ್ಲಿ ಇನ್ನೊಂದು ಆದೇಶ ಬಂದು ಆ ನಿರ್ಬಂಧಗಳನ್ನು ಸಡಿಲಿಸಿತು. 2020ರ ಅಕ್ಟೋಬರಿನ ಮಳೆಯಲ್ಲಿ ಹೈದರಾಬಾದಿನ ಬಡಾವಣೆಗಳು ಮುಳುಗಿ ಆಗ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ.

ಹಳಿಯ ಹೊಸ ಲೆಕ್ಕ

ಈಗ ಮೆಟ್ರೋಗೆ ಬರೋಣ. 2008ರಲ್ಲಿ ಮೈಟಾಸ್ ನೇತೃತ್ವದ ಗುಂಪಿಗೆ ಗುತ್ತಿಗೆ ಸಿಕ್ಕಿತು. ಸಾಮಾನ್ಯವಾಗಿ ಮೆಟ್ರೋ ಕಟ್ಟುವವರು ಸರ್ಕಾರದಿಂದ ದುಡ್ಡು ಕೇಳುತ್ತಾರೆ. ಈ ಗುಂಪು ಮಾತ್ರ ಗುತ್ತಿಗೆಯ ಅವಧಿಯಲ್ಲಿ ತಾನೇ ಸರ್ಕಾರಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಕೊಡುವುದಾಗಿ ಹೇಳಿತು. ಟಿಕೆಟಿನಿಂದ ಅಷ್ಟು ಹಣ ಹುಟ್ಟುವುದಿಲ್ಲ. ಹುಟ್ಟುವುದಾದರೆ ನೆಲದಿಂದ. ಆಗ ದೆಹಲಿ ಮೆಟ್ರೋದ ಮುಖ್ಯಸ್ಥರಾಗಿದ್ದ ಇ. ಶ್ರೀಧರನ್ ಈ ಅಪಾಯವನ್ನೇ ಎತ್ತಿ ಯೋಜನಾ ಆಯೋಗಕ್ಕೆ ಪತ್ರ ಬರೆದರು. ಬೆಲೆಬಾಳುವ ಸಾರ್ವಜನಿಕ ಜಮೀನನ್ನು ಹೀಗೆ ಕೊಡುವುದು ಸರಿಯಲ್ಲ ಎಂದರು. ರಾಜ್ಯ ಸರ್ಕಾರ ಕ್ಷಮೆ ಕೇಳಿ ಎಂದು ಅವರ ಮೇಲೆಯೇ ಸಿಟ್ಟಾಯಿತು. 2009ರ ಜನವರಿಯಲ್ಲಿ ಸತ್ಯಂ ಹಗರಣ ಬಯಲಾಯಿತು, ಅದೇ ವರ್ಷ ಗುತ್ತಿಗೆ ರದ್ದಾಯಿತು. 1883ರಲ್ಲಿ ಅಘೋರನಾಥರಿಗೆ ಆದದ್ದನ್ನು ನೆನೆಸಿಕೊಂಡರೆ ಲೆಕ್ಕ ಕೇಳಿದವರ ಮೇಲೆ ಸಿಟ್ಟು ಮಾಡುವುದು ಹಳೆಯ ಚಾಳಿ ಎಂದು ಗೊತ್ತಾಗುತ್ತದೆ.

2010ರ ಸೆಪ್ಟೆಂಬರಿನಲ್ಲಿ ಎಲ್ ಅಂಡ್ ಟಿ ಕಂಪನಿಯ ಜೊತೆ ಹೊಸ ಒಪ್ಪಂದವಾಯಿತು. ಅಂದಾಜು ವೆಚ್ಚ 14 ಸಾವಿರ ಕೋಟಿ ರೂಪಾಯಿಗೂ ಸ್ವಲ್ಪ ಹೆಚ್ಚು. ಕೇಂದ್ರ ಸರ್ಕಾರ 1,458 ಕೋಟಿ ರೂಪಾಯಿ ನೆರವು ಮಂಜೂರು ಮಾಡಿತು. ಯೋಜನೆ ತನ್ನ ಕಾಲ ಮೇಲೆ ನಿಲ್ಲಲು ಕಡಿಮೆ ಬೀಳುವ ಮೊತ್ತವನ್ನು ತುಂಬಿಕೊಡುವ ಈ ಪದ್ಧತಿಗೆ ವಯಬಿಲಿಟಿ ಗ್ಯಾಪ್ ಫಂಡಿಂಗ್ ಎನ್ನುತ್ತಾರೆ. ಉಳಿದದ್ದು ಕಂಪನಿಯ ಬಂಡವಾಳ, ಬ್ಯಾಂಕುಗಳ ಸಾಲ. ಅದಕ್ಕೆ ಪ್ರತಿಯಾಗಿ ಡಿಪೋ ಮತ್ತು ನಿಲ್ದಾಣಗಳ ಜಾಗದಲ್ಲಿ 1 ಕೋಟಿ 85 ಲಕ್ಷ ಚದರ ಅಡಿ ಮಾಲು, ಆಫೀಸು ಕಟ್ಟುವ ಹಕ್ಕು. ಪಂಜಗುಟ್ಟ, ಹೈಟೆಕ್ ಸಿಟಿ ನಿಲ್ದಾಣಗಳಿಗೆ ಅಂಟಿಕೊಂಡಿರುವ ಮಾಲುಗಳು ಈ ಲೆಕ್ಕದಿಂದ ಬಂದವು.

ದಾರಿಯ ಬಗ್ಗೆಯೂ ಜಗಳವಾಯಿತು. ಸುಲ್ತಾನ್ ಬಜಾರ್ ಮೊದಲು ಬ್ರಿಟಿಷ್ ರೆಸಿಡೆನ್ಸಿಯ ಬಜಾರ್, 1933ರಲ್ಲಿ ನಿಜಾಮನಿಗೆ ಮರಳಿ ಈ ಹೆಸರು ಪಡೆಯಿತು. ಅಲ್ಲಿನ ಇಕ್ಕಟ್ಟಾದ ಬೀದಿಯ ಅಂಗಡಿಕಾರರು ತಲೆಯ ಮೇಲೆ ಮೆಟ್ರೋ ಬೇಡ ಎಂದು ವರ್ಷಗಟ್ಟಲೆ ಹೋರಾಡಿದರು. 2014ರಲ್ಲಿ ಹೊಸ ರಾಜ್ಯದ ಸರ್ಕಾರ ಸುಲ್ತಾನ್ ಬಜಾರಿನಲ್ಲೂ ಶಾಸನಸಭೆಯ ಮುಂದೆಯೂ ಹಳಿಯ ದಾರಿ ಬದಲಿಸುವ ಮಾತಾಡಿತು. ಕಡೆಗೆ ಎರಡೂ ಕಡೆ ಹಳೆಯ ದಾರಿಯಲ್ಲೇ ಕಂಬ ಎದ್ದವು. 2017ರ ನವೆಂಬರ್ 28ರಂದು ಮಿಯಾಪುರದಿಂದ ನಾಗೋಲ್‌ವರೆಗೆ 30 ಕಿಲೋಮೀಟರ್ ಶುರುವಾಯಿತು. 2020ರ ಫೆಬ್ರವರಿಯಲ್ಲಿ ಸುಲ್ತಾನ್ ಬಜಾರ್ ದಾಟಿ ಎಂ.ಜಿ. ಬಸ್ ನಿಲ್ದಾಣಕ್ಕೆ ರೈಲು ತಲುಪಿದಾಗ ಒಟ್ಟು ಉದ್ದ 69 ಕಿಲೋಮೀಟರ್.

ಅಲ್ಲಿಗೆ ನಿಂತಿತು. ಅಲ್ಲಿಂದ ಮೂಸಿ ದಾಟಿ ಫಲಕ್‌ನುಮಾಕ್ಕೆ ಹೋಗಬೇಕಿದ್ದ ಐದೂವರೆ ಕಿಲೋಮೀಟರ್ ಆಗಲಿಲ್ಲ. ದಾರಿಯಲ್ಲಿ ಮಸೀದಿ, ದರ್ಗಾ, ಆಶೂರಖಾನಾ, ದೇವಸ್ಥಾನಗಳಿವೆ ಎಂಬುದು ಹೇಳಿದ ಕಾರಣಗಳಲ್ಲಿ ಒಂದು. ಪರಂಪರೆ ಎಂಬ ಮಾತು ಇಲ್ಲಿ ಎರಡು ನಾಲಿಗೆಯಲ್ಲಿ ಮಾತಾಡಿತು. ಹೊಸ ಊರಿನ ಗುಡ್ಡದ ಮೇಲೆ ಜಾಗ ಬೇಕಾದಾಗ ಪರಂಪರೆ ಅಡ್ಡಿ ಎನಿಸಲಿಲ್ಲ. ಹಳೆಯ ಊರಿನ ಬಡವರಿಗೆ ರೈಲು ಕೊಡಬೇಕಾದಾಗ ಅದೇ ಪರಂಪರೆ ದೊಡ್ಡ ಅಡ್ಡಿಯಾಯಿತು. ಚಾರ್‌ಮಿನಾರಿನ ಹೆಸರಿನಲ್ಲಿ ಊರು ಜಗತ್ತಿಗೆಲ್ಲ ಗೊತ್ತು, ಚಾರ್‌ಮಿನಾರಿನ ಸುತ್ತ ಬದುಕುವವರಿಗೆ ಮಾತ್ರ ಬಸ್ಸು, ಆಟೋವೇ ಗತಿ. ಕಂಪನಿಯ ಲೆಕ್ಕದಲ್ಲಿ ನೋಡಿದರೂ ಹಳೆಯ ಊರಿನಲ್ಲಿ ಮಾಲು ಕಟ್ಟುವ ಖಾಲಿ ಜಾಗ ಕಡಿಮೆ. ನೆಲದ ಲಾಭದಿಂದ ರೈಲು ಓಡಿಸಬೇಕೆಂದು ಹೊರಟರೆ ನೆಲದ ಬೆಲೆ ಇರುವ ಕಡೆಗೇ ರೈಲು ಓಡುತ್ತದೆ. 2024ರ ಮಾರ್ಚಿನಲ್ಲಿ ಈ ದಾರಿಗೆ ಮತ್ತೆ ಶಂಕುಸ್ಥಾಪನೆಯಾಯಿತು.

ಕೋವಿಡ್ ಬಂದು ತಿಂಗಳುಗಟ್ಟಲೆ ಮೆಟ್ರೋ ನಿಂತಿತು, ನಷ್ಟ ಬೆಳೆಯಿತು, ಸಾಲದ ಬಡ್ಡಿ ನಿಲ್ಲಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ತೆಲಂಗಾಣ ಸರ್ಕಾರ ಮೆಟ್ರೋವನ್ನು ಕಂಪನಿಯಿಂದ ತಾನೇ ವಹಿಸಿಕೊಳ್ಳಲು ತಾತ್ವಿಕವಾಗಿ ಒಪ್ಪಿತು. ಸುಮಾರು 13 ಸಾವಿರ ಕೋಟಿ ರೂಪಾಯಿ ಸಾಲದ ಹೊಣೆ ಹೊರುವುದು, ಕಂಪನಿಗೆ ಸುಮಾರು 2 ಸಾವಿರ ಕೋಟಿ ಕೊಡುವುದು ಅದರ ತಿರುಳು.

1883ರ ಒಪ್ಪಂದ 1930ರಲ್ಲಿ ಖಜಾನೆಗೆ ಬಂತು. 2010ರ ಒಪ್ಪಂದ 2025ರಲ್ಲಿ ಖಜಾನೆಯ ಬಾಗಿಲಿಗೆ ಬಂತು. ಖಾಸಗಿ ದುಡ್ಡಿನಲ್ಲಿ ಸಾರ್ವಜನಿಕ ಸಾರಿಗೆ ಎಂಬ ಮಾತು ಎರಡು ಸಲವೂ ಅರ್ಧ ದಾರಿಯ ಮಾತಾಯಿತು. ಇದರಿಂದ ಮೆಟ್ರೋ ಬೇಡವಾಗಿತ್ತು ಎಂದಾಗುವುದಿಲ್ಲ. ದಿನಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಹತ್ತುವ ರೈಲು ಅದು, ನಮ್ಮಲ್ಲಿ ಎಷ್ಟೋ ಮಂದಿ ಅದರಲ್ಲೇ ಕೆಲಸಕ್ಕೆ ಹೋಗುತ್ತೇವೆ. ಮಾತು ಇಷ್ಟೇ. ಕೊನೆಗೆ ದುಡ್ಡು ಕೊಡುವವರು ಪ್ರಜೆಗಳೇ ಆದರೆ, ಮೊದಲ ದಿನವೇ ಲೆಕ್ಕ ಅವರ ಮುಂದಿರಬೇಕು.

ಕೇಳುವವರು ಯಾರು?

ಈ ಇಡೀ ಕತೆಯಲ್ಲಿ ಒಬ್ಬರು ಕಾಣಿಸಲಿಲ್ಲ, ಗಮನಿಸಿದಿರಾ? ಊರಿನ ಜನ ಆರಿಸಿದ ಕಾರ್ಪೊರೇಟರ್. ರೈಲಿನ ಗ್ಯಾರಂಟಿ ಕೊಟ್ಟದ್ದು ಸಂಸ್ಥಾನ. ಇಂಪ್ರೂವ್‌ಮೆಂಟ್ ಬೋರ್ಡು ನಿಜಾಮನದು. ಪಟ್ಟಿಯನ್ನು ಕೊಟ್ಟದ್ದೂ ಕಿತ್ತದ್ದೂ ರಾಜ್ಯ ಸರ್ಕಾರ. ಮೆಟ್ರೋ ಒಪ್ಪಂದ ರಾಜ್ಯ ಮತ್ತು ಕಂಪನಿಯ ನಡುವೆ. 12 ಪುರಸಭೆಗಳನ್ನೂ 8 ಗ್ರಾಮ ಪಂಚಾಯಿತಿಗಳನ್ನೂ ಸೇರಿಸಿ 2007ರಲ್ಲಿ ಗ್ರೇಟರ್ ಹೈದರಾಬಾದ್ ಮಹಾನಗರ ಪಾಲಿಕೆಯನ್ನು ಕಟ್ಟಿದರು. ಆದರೂ ಊರಿನ ದೊಡ್ಡ ತೀರ್ಮಾನಗಳು ಪಾಲಿಕೆಯ ಸಭಾಂಗಣಕ್ಕೆ ಬರುವುದು ಅಪರೂಪ. 2020ರ ಪಾಲಿಕೆ ಚುನಾವಣೆಯಲ್ಲಿ ಮತ ಹಾಕಿದವರು ಶೇಕಡಾ 46ರ ಆಸುಪಾಸು. ಐಟಿ ನೌಕರರು ತುಂಬಿರುವ ಪಶ್ಚಿಮದ ವಾರ್ಡುಗಳ ಹೆಸರು ಪ್ರತಿ ಸಲವೂ ಕಡಿಮೆ ಮತದಾನದ ಪಟ್ಟಿಯಲ್ಲಿ ಬರುತ್ತದೆ. ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ.

ಹೊರನಾಡಿನವರಿಗೆ ಇದು ಸುಲಭದ ನೆಪವೂ ಹೌದು. ‘ನಮ್ಮೂರಲ್ಲವಲ್ಲ’ ಎಂದುಬಿಡುತ್ತೇವೆ. ಮತದಾರರ ಪಟ್ಟಿಯಲ್ಲಿ ಹೆಸರು ಊರಲ್ಲೇ ಇರುತ್ತದೆ, ಬಾಡಿಗೆ, ನೀರು, ಟಿಕೆಟಿನ ದರ, ತೆರಿಗೆ ಮಾತ್ರ ಇಲ್ಲಿಯದು. ಆದರೆ ಹೈದರಾಬಾದಿನ ಮಟ್ಟಿಗೆ ಕನ್ನಡಿಗರು ಪೂರ್ತಿ ಹೊರಗಿನವರೇನಲ್ಲ. 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳಿಗೆ ಇದೇ ರಾಜಧಾನಿ. ಆ ಜಿಲ್ಲೆಗಳ ಕಂದಾಯವೂ ಈ ಹಳಿಗಳಲ್ಲಿ, ಈ ಕಮಾನುಗಳಲ್ಲಿ ಸೇರಿದೆ. ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಕನ್ನಡ ಕಲಿತವರ ಮಕ್ಕಳು ಈ ಊರಿನವರೇ ಆಗಿದ್ದಾರೆ.

ಲೆಕ್ಕ ಕೇಳಿದರೆ ಏನಾದರೂ ಆಗುತ್ತದೆಯೇ ಎಂದರೆ, ಆಗುತ್ತದೆ. ಇರ್ರಂ ಮಂಜಿಲ್ ನಿಂತಿದೆ. ಉಸ್ಮಾನಿಯಾ ಆಸ್ಪತ್ರೆಯ ಹಳೆಯ ಕಟ್ಟಡವನ್ನು ಒಡೆಯುವ ಮಾತು 2015ರಲ್ಲಿ ಬಂದಾಗ ವೈದ್ಯರಲ್ಲೇ ಎರಡು ಪಕ್ಷವಾಯಿತು. ಸೋರುವ ಚಾವಣಿಯ ಕೆಳಗೆ ರೋಗಿಗಳನ್ನು ಇಡುವುದಾದರೂ ಹೇಗೆ ಎಂಬುದು ನ್ಯಾಯವಾದ ಪ್ರಶ್ನೆಯೇ. 2020ರ ಜುಲೈ ಮಳೆಯಲ್ಲಿ ವಾರ್ಡುಗಳೊಳಗೆ ಚರಂಡಿ ನೀರು ನುಗ್ಗಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಆದರೆ ಹಳೆಯದನ್ನು ಬೀಳಿಸದೆಯೂ ಹೊಸದನ್ನು ಕಟ್ಟಬಹುದಲ್ಲ ಎಂದು ಹಟ ಹಿಡಿದವರಿದ್ದರು. ಅವರ ಮಾತಿಗೆ ಹತ್ತು ವರ್ಷ ಹಿಡಿಯಿತು. 2025ರ ಜನವರಿ 31ರಂದು ಹೊಸ ಆಸ್ಪತ್ರೆಗೆ ಗೋಶಾಮಹಲಿನಲ್ಲಿ ಶಂಕುಸ್ಥಾಪನೆಯಾಯಿತು. ಅಲ್ಲಿ ಆಟದ ಮೈದಾನ ಹೋಗುತ್ತದೆಂದು ಆ ಬಡಾವಣೆಯವರು ಎದ್ದಿದ್ದಾರೆ. ಅವರ ಪ್ರಶ್ನೆಗೂ ಉತ್ತರ ಸಿಗಬೇಕು.

ಹಾಗಾಗಿ ಮುಂದಿನ ಸಲ ನಮ್ಮ ಬೀದಿಯಲ್ಲಿ ಹೊಸ ಕಂಬದ ಗುರುತಿಗೆ ಬಣ್ಣ ಬಳಿದಾಗ, ಅಥವಾ ಹಳೆಯ ಕಟ್ಟಡವೊಂದರ ಸುತ್ತ ತಗಡಿನ ಬೇಲಿ ಎದ್ದಾಗ, ಕೇಳಬೇಕಾದದ್ದು ಹೊಸತೇನೂ ಅಲ್ಲ. ದುಡ್ಡು ಯಾರದು, ತೀರ್ಮಾನ ಯಾರದು, ಕಾಗದ ಎಲ್ಲಿದೆ? 1883ರಲ್ಲಿ ಇಷ್ಟನ್ನು ಕೇಳಿದ್ದಕ್ಕೆ ಗಡೀಪಾರಾಗಬೇಕಿತ್ತು. ನಮಗೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು.